ಮುಖ ಮುಚ್ಚುವ ಮುನ್ನ

ಕಫನ್ ಬಟ್ಟೆಯ ಕೊನೆಯ ಮಡಿಕೆಯನ್ನು ತುಮಿರಾಳ ಮುಖದ ಮೇಲೆ ಎಳೆಯುತ್ತಿದ್ದ ರುಕಿನಜ್ಜಿಯ ಕೈ ಅಲ್ಲೇ ನಿಂತಿತು. ತುಮಿರಾಳ ಗಂಡ ಸರ್ಪಾನ್ ನೆಲ ನೋಡುತ್ತಲೇ ಗೋಡೆ ಹಿಡಿದು ಒಳಗೆ ಬಂದಿದ್ದ.

"ಒಂದ್ಸಲ ನೋಡ್ಬಿಡ್ತೀನಿ ಅಜ್ಜಿ."

ಅಜ್ಜಿಗೆ ಸಂಕಟವಾಯಿತು. ಅವನ ಒಂದು ಕಣ್ಣು ಎಂದೋ ಹೋಗಿತ್ತು. ಇನ್ನೊಂದರ ಒಳಪರದೆಯ ನಟ್ಟನಡುವೆ ತೂತು ಬಿದ್ದು, ಎರಡು ವರ್ಷದಿಂದ ಯಾರನ್ನು ನೋಡಿದರೂ ಕಿವಿ, ಕೂದಲು ಕಾಣುತ್ತಿದ್ದವು, ಮುಖವಿರಬೇಕಾದಲ್ಲಿ ಕಪ್ಪು. ಸೆಮಾರಾಂಗ್ ನಗರದ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ, ತೂತು ಕೂಡಲೆಂದು ಕಣ್ಣೊಳಗೆ ಗಾಳಿಗುಳ್ಳೆ ತುಂಬಿ ಕಳಿಸಿದ್ದರು. ಅದು ಕರಗುವವರೆಗೆ ತಲೆ ಎತ್ತುವಂತಿಲ್ಲ. ಸದ್ಯಕ್ಕೆ ಅಂಗೈ ಅಗಲದಷ್ಟು ಹತ್ತಿರದ್ದು ಮಾತ್ರ ಕಾಣುತ್ತಿತ್ತು. ಅಷ್ಟು ಬಗ್ಗಿದರೆ ಸದಾ ಒಸರುವ ಆ ಕಣ್ಣಿನ ನೀರು ನೇರ ಹೆಣದ ಮೇಲೆ. ಹೆಣದ ಮೇಲೆ ಕಣ್ಣೀರು ಬಿದ್ದರೆ ಹೋಗುವ ಜೀವಕ್ಕೆ ತೊಡಕು ಎಂದು ಊರೆಲ್ಲ ನಂಬಿತ್ತು. ಸರ್ಪಾನನೂ ನಂಬಿದ್ದ.

"ಅವಳ ದಾರಿ ಕೆಡಿಸ್ಬೇಡಪ್ಪ" ಎಂದಳು ಅಜ್ಜಿ.

*

ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಕಟ್ಟಿದ್ದಷ್ಟು ದಿನ ಸರ್ಪಾನ್ ಬೆಂಚಿನ ತುದಿಯಾಚೆ ಮುಖ ಇಳಿಬಿಟ್ಟು ಬೋರಲು ಬಿದ್ದಿದ್ದ. ನೋಡಲು ಬಂದವರು ಅವನ ಬೆನ್ನಿಗೆ ಕುಶಲ ಕೇಳಿ ಹೋಗುತ್ತಿದ್ದರು. ತುಮಿರಾ ಮಾತ್ರ ಹುದುಗಿಸಿದ ಸೋಯಾಕಾಳಿನ ತೆಂಪೆ ಮಾರಿ ಬಂದವಳೇ ಅವನ ಮುಖದ ಕೆಳಗೆ ಚಾಪೆ ಹಾಸಿ ಅಂಗಾತ ಮಲಗುತ್ತಿದ್ದಳು. ಅಲ್ಲಿಂದಲೇ ತುತ್ತು, ಸಂತೆಯ ಸುದ್ದಿ, ಬೈಗುಳ. ಇದೇನು ಹುಚ್ಚು ಎಂದು ಮಗಳು ಲಸ್ತ್ರಿ ಕೇಳಿದ್ದಕ್ಕೆ, ಬೆನ್ನಿನ ಜೊತೆ ಸಂಸಾರ ಮಾಡಲಾಗುತ್ತದೆಯೇ ಎಂದಿದ್ದಳು. ಎಂಥ ಗಟ್ಟಿ ಹೆಂಗಸು!

ನಿನ್ನೆ ಪಟ್ಟಿ ಬಿಚ್ಚಿದ ಕೂಡಲೇ ಅವನು ಅವಳನ್ನು ಹತ್ತಿರ ಕರೆದ.

"ಮುಖವೆಲ್ಲ ಸೋಯಾ ಹೊಟ್ಟು. ಎರಡು ವರ್ಷ ಕಾದೋರಿಗೆ ಒಂದು ರಾತ್ರಿ ಹೆಚ್ಚಾ? ನಾಳೆ ನೋಡೀರಂತೆ" ಎಂದು ತುಮಿರಾ ನಕ್ಕಳು.

ಇಂದು ಬೆಳಗ್ಗೆ ಕಾಳು ಬೇಯಿಸುವ ಒಲೆಯ ಮುಂದೆ ಕುಸಿದವಳು ಮತ್ತೆ ಏಳಲಿಲ್ಲ.

*

ಹೊರಗಿನಿಂದ ಚಟ್ಟ ಸಿದ್ಧವಾಯಿತೆಂಬ ಕೂಗು ಬಂತು. ಸರ್ಪಾನ್ ಹಿಂದೆ ಸರಿದ.

"ಮುಚ್ಬಿಡಿ. ಅವಳಿಗೆ ತೊಡಕಾಗೋದು ಬೇಡ."

ಮೂಲೆಯಲ್ಲಿ ಕೂತಿದ್ದ ಲಸ್ತ್ರಿ ಎದ್ದು ಬಂದು ಅವನ ಹೆಗಲು ಹಿಡಿದಳು.

"ಬಗ್ಗಿ ಅಪ್ಪ. ಒಂದು ಹನೀನೂ ಬೀಳೋಕೆ ಬಿಡಲ್ಲ ನಾನು."

ಅವನನ್ನು ಮೆಲ್ಲಗೆ ಬಗ್ಗಿಸಿ, ಹನಿ ಜಾರಿ ಬರುವ ಮೂಗಿನ ತುದಿಯ ಕೆಳಗೆ ಅಂಗೈಯನ್ನು ಬಟ್ಟಲು ಮಾಡಿ ಹಿಡಿದಳು. ಅಜ್ಜಿ ಬಟ್ಟೆ ಸರಿಸಿದಳು. ಸರ್ಪಾನ್ ಹಣೆಯಿಂದ ಗಲ್ಲದವರೆಗೆ ಒಂದೊಂದೇ ಸುಕ್ಕನ್ನು ನೋಡುತ್ತ ಹೋದ.

"ವಯಸ್ಸಾಗ್ಬಿಟ್ಟಿದೆ ಇವಳಿಗೆ" ಎಂದ.

ಲಸ್ತ್ರಿಯ ಅಂಗೈ ಒದ್ದೆಯಾಗುತ್ತ ಬಂತು. ಆ ಕೈ ಕದಲಿಸದೆ, ಅದರ ಕೆಳಗೆ ಇನ್ನೊಂದು ಕೈ ಒಡ್ಡಿ, ತನ್ನ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.