ಬೀಸುಕಲ್ಲಿನ ಮುಂದೆ ಪರೀಕ್ಷೆ

ನನ್ನ ಗಂಡ ಉಪದೇಶಿಯ ಕೆಲಸ ಕಲಿಯಲು ಕೃಷ್ಣೆಯಾಚೆ ಇಂಗ್ರೇಜಿ ಸೀಮೆಗೆ ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಅಲ್ಲಿ ಲುಥೆರನ್ ಮಿಶನ್ನಿನ ಸಾಲೆ. ನಮ್ಮ ನಿಜಾಮರ ಮುಲುಕಿನವರು, ಮದ್ರಾಸಿನ ಕಡೆಯವರು, ಮೈಸೂರಿನವರು, ಎಲ್ಲರೂ ಒಂದೇ ಚಾಪೆಯ ಮೇಲೆ ಕುಳಿತು ಕಲಿಯುತ್ತಾರಂತೆ. ಕಲಿತು ಬಂದರೆ ಔರಾದದ ಕ್ರೈಸ್ತ ಸಭೆ ನಡೆಸುವ ಕೆಲಸ ನನ್ನ ಗಂಡನದು. ಕಲಿಯಲಿ, ಬೇಡ ಅಂದವರಾರು? ಆದರೆ ಭಾತಂಬ್ರಾದಲ್ಲಿ ಒಬ್ಬಳೇ ಉಳಿದ ನನಗೆ ಹಗಲು ಸರಿಯುತ್ತಿರಲಿಲ್ಲ. "ಇಲ್ಲಿ ಎರಡು ಹೊತ್ತೂ ಅನ್ನ. ಜೋಳದ ರೊಟ್ಟಿ ಕಂಡು ವರ್ಷವಾಯಿತು" ಎಂದು ಅವರು ಬರೆದ ಕಾಗದವನ್ನು ಪಕ್ಕದ ಮನೆಯ ಕೌಸಲ್ಯಾಬಾಯಿಯಿಂದ ಎಷ್ಟು ಸಲ ಓದಿಸಿದೆನೋ! ಕೊನೆಗೆ ಅವಳೇ ಬೇಸತ್ತು, "ಕಾಗದ ಹರೀತದ, ಬಿಡ ಸುಭದ್ರಾ" ಅಂದಳು.

ಹೆಂಡತಿಯೂ ಅಲ್ಲಿಗೆ ಹೋಗಬಹುದಿತ್ತು. ಆದರೆ ಧರ್ಮದ ಪ್ರಶ್ನೋತ್ತರದ ಸಣ್ಣ ಪುಸ್ತಕವನ್ನು ಬಾಯಿಪಾಠ ಒಪ್ಪಿಸಿ ಪಾಸಾಗಬೇಕು. ಪರೀಕ್ಷೆ ವರ್ಷಕ್ಕೊಂದೇ ಸಲ, ಬೀದರಿನಲ್ಲಿ. ನನಗೆ ಅಕ್ಷರ ಬಾರದು. ಕೌಸಲ್ಯಾಬಾಯಿ ದಿನಕ್ಕೆ ನಾಲ್ಕು ಸಾಲು ಓದಿದಳು. ನಾನು ಜೋಳ ಬೀಸುತ್ತ ಅದನ್ನೆಲ್ಲ ಹಾಡು ಕಟ್ಟಿಕೊಂಡೆ.

ಬೀದರಿನಲ್ಲಿ ಪರೀಕ್ಷೆ ಮಾಡುವವರು ನರಸಿಂಗ ಪಾದ್ರಿಗಳು. "ಗಂಡನ ಹೆಸರು ಹೇಳವಾ" ಎಂದರು. ಗಂಡನ ಹೆಸರನ್ನು ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಧರ್ಮ ಹೊಸದಾದರೂ ನಾಲಿಗೆ ಹಳೆಯದೇ. ನಾನು ನೆಲ ನೋಡಿದೆ. ಅವರು ಪಟ್ಟಿಯಲ್ಲಿ ಆ ಜಾಗ ಖಾಲಿ ಬಿಟ್ಟು ಮೊದಲ ಪ್ರಶ್ನೆ ಕೇಳಿದರು.

ಒಂದಕ್ಷರವೂ ಬರಲಿಲ್ಲ. ಕೈ ಸುಮ್ಮನಿದ್ದರೆ ನನ್ನ ಬಾಯಿಯೂ ಸುಮ್ಮನೆ. ತಪ್ಪಿದರೆ ಇನ್ನೊಂದು ವರ್ಷ ಕಾಯಬೇಕಲ್ಲ! ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ.

"ಅಯ್ಯಾರ, ಒಂದು ಬೀಸುಕಲ್ಲು ತರಸ್ರಿ. ಬೀಸದಿದ್ರ ನನಗ ನೆನಪಾಗಲ್ಲರಿ."

ಹಿಂದೆ ಕುಳಿತ ಹೆಂಗಸರು ನಕ್ಕರು. ನಗಲಿ, ಅವರ ಗಂಡಂದಿರು ಮನೆಯಲ್ಲೇ ಇದ್ದರು. ಪಾದ್ರಿಗಳು ನಗಲಿಲ್ಲ. ಅಡುಗೆಮನೆಯಿಂದ ಕಲ್ಲನ್ನೂ ಒಂದು ಸೇರು ಜೋಳವನ್ನೂ ತರಿಸಿದರು.

ಕಲ್ಲು ತಿರುಗಿತು, ಉತ್ತರಗಳು ಬಂದವು. ಹತ್ತು ಆಜ್ಞೆಗಳೂ ಮುಗಿದವು.

"ದಿನದ ರೊಟ್ಟಿ ಕೊಡು ಅಂತ ದೇವರಿಗಿ ಬೇಡ್ತೀವಲ್ಲ, ಆ ರೊಟ್ಟಿಯೊಳಗ ಏನೇನು ಬಂತು?" ಎಂದು ಪಾದ್ರಿಗಳು ಕೇಳಿದರು.

"ಕೂಳು ಬಂತು, ನೀರು ಬಂತು, ಉಡುವ ಸೀರಿ ಬಂತು,
ಹೊಲ ಬಂತು, ಎತ್ತು ಬಂತು, ನೆರಿಮನಿ ಬಂತು,
ರೊಟ್ಟಿ ಉಣ್ಲಾಕ ನನ್ನ ಮಾಣಿಕ ಬರಲಿಲ್ಲ..."

ಕಲ್ಲು ನಿಂತಿತು. ಕೊನೆಯ ಸಾಲು ಪುಸ್ತಕದ್ದಲ್ಲ. ಮನೆಯಲ್ಲಿ ಒಬ್ಬಳೇ ಬೀಸುವಾಗ ನಾನೇ ಸೇರಿಸಿಕೊಂಡದ್ದು. ಅಷ್ಟು ಜನರ ಮುಂದೆ ಗಂಡನ ಹೆಸರು ಹೇಳಿದ್ದೆ! ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಪಾದ್ರಿಗಳು ಲೇಖನಿ ಎತ್ತಿಕೊಂಡರು. ಪಟ್ಟಿಯಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಮಾಣಿಕ ಎಂದು ಬರೆದುಕೊಂಡರು.

"ಪಾಸಾದಿ ತಾಯಿ. ಮುಂದಿನ ವಾರ ಗಾಡಿ ಹೊಂಡ್ತದ."

ಕಣ್ಣೊರೆಸಿಕೊಂಡು ಎದ್ದಾಗ ಕಲ್ಲಿನ ಸುತ್ತ ಬೆಳ್ಳಗೆ ಹಿಟ್ಟು ಬಿದ್ದಿತ್ತು.

"ಈ ಹಿಟ್ಟು ನಾ ಒಯ್ಯಲೇನ್ರಿ?" ಎಂದೆ. ಅವರು ಹೂಂ ಅನ್ನುವ ಮೊದಲೇ ಬಳಿದು ಸೆರಗಿಗೆ ಗಂಟು ಹಾಕಿಕೊಂಡೆ. ಅಲ್ಲಿ ಎರಡು ಹೊತ್ತೂ ಅನ್ನವಂತೆ.