ನೆಲಕ್ಕೆ ಬಂದ ದೋಣಿ

ಕ್ರೇನಿನ ಎರಡು ಅಗಲ ಪಟ್ಟಿಗಳ ನಡುವೆ ದೋಣಿ ಇನ್ನೂ ತೂಗುತ್ತಿತ್ತು. ಹೊಟ್ಟೆಗಂಟಿದ ಪಾಚಿ, ಚಿಪ್ಪುಗಳ ಮೇಲಿಂದ ಸಮುದ್ರದ ನೀರು ಮೊದಲು ಧಾರೆಯಾಗಿ, ಆಮೇಲೆ ಹನಿಯಾಗಿ ಇಳಿದು ನಿಂತುಹೋಯಿತು. ಒಂದು ಕಡೆ ಮಾತ್ರ ನಿಲ್ಲಲಿಲ್ಲ. ದೋಣಿಯನ್ನು ನೆಟ್ಟಗೆ ನಿಲ್ಲಿಸುವ ಕಬ್ಬಿಣದ ಭಾರ ಅಡಿಯಲ್ಲಿ ಒಡಲಿಗೆ ಕೂಡಿಕೊಳ್ಳುವ ಸಂದಿನಿಂದ ಚಹಾದ ಬಣ್ಣದ ನೀರು ಜಿನುಗುತ್ತಲೇ ಇತ್ತು. ಎಡಿಬೆ ಹತ್ತಿರ ಹೋಗಿ ಬೆರಳಿಟ್ಟಳು. ಸಂದಿನ ಮೇಲೆ ನೀಟಾಗಿ ಮೆತ್ತಿ ಬಣ್ಣ ಬಳಿದಿದ್ದ ಪುಟ್ಟಿ, ಹಳೆಯ ಗಾಯದ ಹಕ್ಕಳೆಯ ಹಾಗೆ ಬೆರಳಿನ ಜೊತೆ ಕಳಚಿ ಬಂತು. ಒಳಗೆಲ್ಲ ತುಕ್ಕು.

"ಈಚೆ ಬಾ ಅಕ್ಕ, ಅದರ ಕೆಳಗೆ ನಿಲ್ಲಬೇಡ," ಎಂದ ಹಿಕ್ಮೆತ್. ದೋಣಿಗಳನ್ನು ದಡಕ್ಕೆತ್ತಿ ದುರಸ್ತಿ ಮಾಡುವ ಆ ಅಂಗಳ ಅವನದು. ದೋಣಿಯನ್ನು ಮೆಲ್ಲಗೆ ಇಳಿಸಿ, ಸುತ್ತ ಊರೆಗೋಲು ಕೊಟ್ಟು ನಿಲ್ಲಿಸಿ, ಏಣಿ ಹತ್ತಿ ಒಳಗೆ ಹೋಗಿ ನೆಲದ ಹಲಗೆ ಎತ್ತಿ ನೋಡಿ ಬಂದ. ಬಂದವನು ಸಿಗರೇಟು ಹಚ್ಚಿಕೊಂಡ.

"ಬೋಲ್ಟುಗಳೆಲ್ಲ ತಿಂದುಹೋಗಿವೆ ವಕ್ಕಾಸ್ ಅಣ್ಣ. ಅವು ಕೂತಿರೋ ತಳಾನೂ ಬಿರಿದಿದೆ. ಇದನ್ನ ನೀರಲ್ಲಿ ಬಿಟ್ರೆ ಯಾವತ್ತೋ ಒಂದಿನ ಈ ಭಾರ ಕಳಚಿ ತಳಕ್ಕೆ ಹೋಗತ್ತೆ. ದೋಣಿ ಮಗುಚಿಕೊಳ್ಳತ್ತೆ, ನೀವು ಒಳಗಿರ್ತೀರಿ."

"ಸರಿ ಮಾಡೋಕಾಗಲ್ವಾ?" ಎಂದ ವಕ್ಕಾಸ್.

"ಆಗತ್ತೆ. ಆ ದುಡ್ಡಿಗೆ ಇಂಥದ್ದೇ ಇನ್ನೊಂದು ಬರತ್ತೆ." ಹೊಗೆ ಬಿಟ್ಟ. "ಅಲ್ಲಣ್ಣ, ಕುನೆಫೆ ಸಿಹಿ ಮಾಡಿ ಮಾರ್ಕೊಂಡಿದ್ದೋನು ನೀನು. ಹಾಯಿದೋಣಿ ಯಾಕೆ ಬೇಕಿತ್ತು? ಸಕ್ಕರೆ ಪಾಕದಲ್ಲಿ ತೇಲಿಸೋಕಾ?"

ಗಂಡ ಹೆಂಡತಿ ಇಬ್ಬರೂ ನಗಲಿಲ್ಲ. ಹಿಕ್ಮೆತ್ ಸಿಗರೇಟಿನ ಬೂದಿ ಕೊಡವಿದ. "ತಗೊಳ್ಳೋ ಮುಂಚೆ ಎತ್ತಿಸಿ ನೋಡ್ಬೇಕಿತ್ತು. ಅವತ್ತು ಕ್ರೇನ್ ತಂದು ನಿಲ್ಲಿಸಿದ್ದೆ ನಾನು. ಈಗ ಇದನ್ನ ವಾಪಸ್ ನೀರಿಗಂತೂ ಇಳಿಸಲ್ಲ. ನೀವು ಎಷ್ಟಾದ್ರೂ ಬೈಕೊಳ್ಳಿ."

ಕ್ರೇನ್ ತಂದು ನಿಲ್ಲಿಸಿದ್ದು ನಿಜ.

ಆ ವರ್ಷದ ಫೆಬ್ರವರಿಯಲ್ಲಿ ನೆಲ ನಡುಗಿ ಅಂತಾಕ್ಯ ನಗರದ ಅವರ ಮನೆ ಕುಸಿಯಿತು. ವಕ್ಕಾಸನ ತಾಯಿ ಅದರಡಿಯಲ್ಲೇ ಉಳಿದಳು. ಅಲ್ಲಿಂದಾಚೆ ಅವರ ಒಬ್ಬಳೇ ಮಗಳು ಇಲ್ಗಿನ್ ಯಾವ ಸೂರಿನ ಕೆಳಗೂ ಕಣ್ಣು ಮುಚ್ಚಲಿಲ್ಲ. ಮೆರ್ಸಿನ್‌ನಲ್ಲಿದ್ದ ವಕ್ಕಾಸನ ತಂಗಿಯ ಮನೆಗೆ ಕರೆದೊಯ್ದರೆ ಮೆಟ್ಟಿಲ ಮೇಲೆ ಕೂತು ಬೆಳಗು ಮಾಡಿದಳು. ಡೇರೆಯಲ್ಲಿ ಮಲಗಿಸಿದರೆ ಅಂಗೈಯನ್ನು ನೆಲಕ್ಕೊತ್ತಿ ಕಾಯುತ್ತಿದ್ದಳು, ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ. ಕಾರಿನಲ್ಲಿ ಒಂದಿಷ್ಟು ಜೋಂಪು ಹತ್ತುತ್ತಿತ್ತು. ಲಾರಿಯೊಂದು ಹಾದುಹೋದರೆ ಸಾಕು, ಎದ್ದು ಕೂರುತ್ತಿದ್ದಳು. ಭೂಮಿಯನ್ನು ಒಂದು ಹಳದಿ ಎತ್ತು ಕೊಂಬಿನ ಮೇಲೆ ಹೊತ್ತು ನಿಂತಿದೆ, ಅದಕ್ಕೆ ದಣಿವಾಗಿ ಕೊಂಬು ಬದಲಿಸಿದಾಗ ನೆಲ ಅಲುಗುತ್ತದೆ ಎಂದು ಅಜ್ಜಿ ಕಥೆ ಹೇಳಿದ್ದಳು. ಅಜ್ಜಿ ಹೋದರೂ ಎತ್ತು ಹೋಗಲಿಲ್ಲ. ಬೇಸಿಗೆಯ ಒಂದು ಸಂಜೆ ಬಂದರಿನ ಧಕ್ಕೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಹುಡುಗಿ, "ನೀರು ಯಾರ ಕೊಂಬಿನ ಮೇಲೂ ಇಲ್ಲ ಅಲ್ವಾ ಅಮ್ಮ?" ಎಂದು ಕೇಳಿದ್ದಳು.

ಆ ಮಾತಿನಿಂದ ದೋಣಿ ಬಂತು. ಎಡಿಬೆಯ ಮದುವೆಯ ಬಳೆಗಳೂ ಅತ್ತೆ ಬಿಟ್ಟುಹೋದ ಆಲಿವ್ ತೋಪಿನ ಪಾಲೂ ಹೋದವು.

ಶೆವ್ಕಿ ಕಪ್ತಾನನ ದೋಣಿ ನೋಡಲು ಹೋದದ್ದು ಸೆಪ್ಟೆಂಬರಿನ ಒಂದು ಮಧ್ಯಾಹ್ನ. ಮೂರು ಮಕ್ಕಳನ್ನು ಅದರಲ್ಲೇ ಬೇಸಿಗೆಗಳ ಉದ್ದಕ್ಕೂ ಸುತ್ತಾಡಿಸಿ ಬೆಳೆಸಿದ್ದ ಮುದುಕ. ದೋಣಿ ಎಷ್ಟು ವಾಲಿದರೂ ತಾನು ವಾಲದೆ ತೂಗಿಕೊಂಡಿರುವ ಒಲೆಯ ಮೇಲೆ ಕಾಫಿ ಇಟ್ಟ. "ಕೊಳ್ಳೋರು ಅಡಿ ನೋಡದೆ ಕೊಳ್ಳಬಾರದು, ಕಾಫಿ ಕುಡೀರಿ, ಕ್ರೇನ್ ಬರತ್ತೆ," ಎಂದು ತಾನೇ ಹೇಳಿದ. ಕ್ರೇನೂ ಬಂತು. ಅಷ್ಟರಲ್ಲಿ ಮೂತಿಯ ಕಡೆಯ ಕೋಣೆಗೆ ನುಗ್ಗಿದ್ದ ಇಲ್ಗಿನ್‌ಳ ಸದ್ದಿಲ್ಲ. ಎಡಿಬೆ ಇಣುಕಿದಳು. ಮುಕ್ಕೋಣದ ಹಾಸಿಗೆಯ ಮೇಲೆ, ತಲೆಯ ಮೇಲಿನ ಗಾಜಿನ ಕಿಂಡಿಯಿಂದ ಬಿದ್ದ ಬಿಸಿಲಲ್ಲಿ, ಮಗಳು ಬಾಯಿ ತೆರೆದು ಮಲಗಿದ್ದಳು. ಕಾಲು ಕೈ ಎಲ್ಲ ನಾಲ್ಕು ದಿಕ್ಕಿಗೆ ಚೆಲ್ಲಿತ್ತು. ಆ ಥರ ಮಲಗಿದ್ದನ್ನು ಎಡಿಬೆ ಕಂಡು ಎಷ್ಟೋ ಕಾಲವಾಗಿತ್ತು.

"ಕ್ರೇನಿನ ಇಂಜಿನ್ ಆರಿಸು ಅಂತ ಅವನಿಗೆ ಹೇಳ್ರೀ," ಎಂದು ಗಂಡನ ತೋಳು ಹಿಡಿದು ಪಿಸುಗುಟ್ಟಿದಳು. ಕಪ್ತಾನ ಅವಳ ಮುಖ ನೋಡಿದ, ಒಳಗಿನ ಮಗುವನ್ನು ನೋಡಿದ, ಹೊರಗೆ ಕೈ ಚಾಚಿ ಹಿಕ್ಮೆತ್‌ಗೆ ಬೇಡವೆಂದು ಸನ್ನೆ ಮಾಡಿದ. ಹುಡುಗಿ ಎದ್ದದ್ದು ದೀಪ ಹಚ್ಚುವ ಹೊತ್ತಿಗೆ. ಅಷ್ಟು ಹೊತ್ತಿಗೆ ವಕ್ಕಾಸ್ ಮುದುಕನ ಕೈ ಕುಲುಕಿ ಆಗಿತ್ತು.

ಅಲ್ಲಿಂದ ಇಲ್ಲಿಯವರೆಗೆ ಮೂವರೂ ದೋಣಿಯಲ್ಲೇ ಇದ್ದರು. ವಕ್ಕಾಸ್ ದಿನಾ ಬೆಳಗ್ಗೆ ನೆಲದ ಹಲಗೆ ಎತ್ತಿ ಬಟ್ಟೆಯಿಂದ ನೀರು ಹಿಂಡಿ ತೆಗೆಯುತ್ತಿದ್ದ, ಹಳೇ ದೋಣಿ ಬೆವರುತ್ತದೆ ಎಂದುಕೊಂಡು. ಮಗಳು ಮಲಗುತ್ತಿದ್ದಳು. ಬೇರೇನೂ ಬೇಕಿರಲಿಲ್ಲ. ಅಕ್ಟೋಬರಿನಲ್ಲಿ ಶೆವ್ಕಿ ಕಪ್ತಾನ ಕೂತಲ್ಲೇ ಎದೆ ಹಿಡಿದುಕೊಂಡು ತೀರಿಹೋದ. ಮಸೀದಿಯ ಅಂಗಳದಲ್ಲಿ ಕಲ್ಲಿನ ಮೇಲಿಟ್ಟ ಶವಪೆಟ್ಟಿಗೆಯ ಮುಂದೆ ನಿಂತು ಇಮಾಮರು, ಸತ್ತವರ ಋಣ ಹರಿಯಲೆಂದು, ರೂಢಿಯಂತೆ ಕೇಳಿದರು: ಈತನ ಮೇಲೆ ನಿಮ್ಮ ಹಕ್ಕು ಏನಾದರೂ ಉಳಿದಿದ್ದರೆ ಬಿಟ್ಟುಕೊಟ್ಟಿರಾ? ಮೊದಲ ಸಾಲಿನಲ್ಲಿದ್ದ ವಕ್ಕಾಸ್ ಎಲ್ಲರ ಜೊತೆ, ಎಲ್ಲರಿಗಿಂತ ಗಟ್ಟಿಯಾಗಿ, ಬಿಟ್ಟುಕೊಟ್ಟೆ ಎಂದಿದ್ದ. ಮೂರು ಸಲ ಕೇಳಿದರು, ಮೂರು ಸಲವೂ ಹೇಳಿದ.

ಈಗ ಪುಟ್ಟಿಯ ಚೂರನ್ನು ಅಂಗೈಲಿ ಹಿಡಿದು ಎಡಿಬೆ, "ಹೊರಡಿ, ಮೆಲಿಹಾ ಅಮ್ಮನ ಹತ್ರ ಹೋಗಿ ಕೇಳೋಣ," ಎಂದಳು.

"ಏನಂತ ಕೇಳ್ಲಿ? ಗಂಡನ್ನ ಮಣ್ಣು ಮಾಡಿ ಇನ್ನೂ ನಲವತ್ತು ದಿನ ಆಗಿಲ್ಲ."

"ನಿಮ್ಮ ಗಂಡ ನಮಗೆ ಮೋಸ ಮಾಡಿದ್ರು ಅಂತ ಕೇಳಿ."

"ಅವನ ಹೆಣದ ಮುಂದೆ ನಿಂತು ಬಿಟ್ಟುಕೊಟ್ಟೆ ಅಂದಿದೀನಿ ಕಣೆ. ಊರೇ ಕೇಳಿದೆ. ಆಡಿದ್ದನ್ನ ಈಗ ನುಂಗು ಅಂತೀಯಾ?"

"ನಾನು ಅಂದಿಲ್ಲ. ಹಿಂದೆ ನಿಂತಿದ್ದ ಹೆಂಗಸರನ್ನ ಯಾರೂ ಕೇಳ್ಲೂ ಇಲ್ಲ."

ಇಲ್ಗಿನ್ ಶಾಲೆಯಿಂದ ಬರುವ ಹೊತ್ತಾಗುತ್ತಿತ್ತು. ಎಡಿಬೆ ಒಬ್ಬಳೇ ಹೊರಟಳು.

ಮೆಲಿಹಾ ಅಂಗಳದಲ್ಲಿ ಕೂತು ಹುಳಿರಸ ಕಾಯಿಸಲು ದಾಳಿಂಬೆ ಬಿಡಿಸುತ್ತಿದ್ದಳು. ಮೊಣಕೈವರೆಗೂ ಕೆಂಪು. ಎಡಿಬೆ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು. ಮುದುಕಿ ತಲೆ ಎತ್ತಿ ನೋಡಿ, "ಮೇಲಕ್ಕೆತ್ತಿಸಿದ್ರಾ?" ಎಂದಳು.

ಜೋಡಿಸಿದ್ದೆಲ್ಲ ಉದುರಿಹೋಯಿತು.

"ನಿಮಗೆ ಗೊತ್ತಿತ್ತಾ?"

"ಪುಟ್ಟಿ ಕಲಸಿಕೊಟ್ಟೋಳೇ ನಾನು, ಎರಡು ಚಳಿಗಾಲ. ಕೂತ್ಕೊ." ಮೆಲಿಹಾ ಮಣೆ ಸರಿಸಿದಳು. "ಎತ್ತಿದ ಕೂಡಲೇ ತಿಳಿಯತ್ತೆ, ಬಂದೋರು ಬೈದು ಹೋಗ್ತಾರೆ ಅಂದ್ಕೊಂಡೇ ಅವತ್ತು ನಮ್ಮೋರು ಹೋಗಿದ್ರು. ಅದಕ್ಕೆ ಮುಂಚೆ ಕೊಳ್ಳೋಕೆ ಬಂದ ಇಬ್ಬರೂ ಹಂಗೇ ಬೈದು ಹೋಗಿದ್ರು. ಸಂಜೆ ಬಂದು, ಮಗು ಮಲಗಿಬಿಡ್ತು ಮೆಲಿಹಾ, ಅಂದ್ರು. ಅವತ್ತು ಅವರು ಊಟಕ್ಕೂ ಏಳಲಿಲ್ಲ."

"ಮಾರನೇ ದಿನ ಬಂದು ಹೇಳಬಹುದಿತ್ತು."

"ಹೇಳ್ತೀನಿ ಅಂತ ದಿನಾ ಹೊರಡೋರು. ಧಕ್ಕೆವರೆಗೆ ಹೋಗಿ ಬರೋರು. ಮಗು ನಗ್ತಿತ್ತು, ಆಚೆ ತಲೆ ಹಾಕಿ ಕೈ ಬೀಸ್ತು ಅನ್ನೋರು." ಹಣ್ಣಿನ ಬಿಳಿ ಪೊರೆಯನ್ನು ಉಗುರಿನಿಂದ ಎಬ್ಬಿಸಿದಳು. "ನೀವು ಕೊಟ್ಟಿದ್ದು ಮಗನ ಸಾಲಕ್ಕೆ ಹೋಯ್ತು. ಮನೆ ಬಾಡಿಗೇದು. ಇರೋದು ಈ ಒಂದು ದಾಳಿಂಬೆ ಮರ."

ಇಬ್ಬರೂ ಆ ಮರವನ್ನು ನೋಡಿದರು.

"ಅವತ್ತು ಮಸೀದೀಲಿ ನೀನು ಗೋಡೆ ಪಕ್ಕ ನಿಂತಿದ್ದೆ. ನಾನು ನೋಡ್ದೆ," ಎಂದಳು ಮೆಲಿಹಾ. "ಇಮಾಮರು ಗಂಡಸರನ್ನ ಕೇಳಿದ್ರು. ನಿನ್ನನ್ನ ನಾನು ಕೇಳ್ತೀನಿ. ನಿಂಗೆ ಅವರ ಮೇಲಿರೋ ಹಕ್ಕು ಬಿಟ್ಟುಕೊಡ್ತೀಯಾ ಮಗಳೇ? ಮಣ್ಣು ಭಾರ ಆಗಿರತ್ತೆ ಅವರಿಗೆ."

ಎಡಿಬೆಗೆ ಬೈಯಬೇಕೆನಿಸಿತು, ಬಾಯಿಗೆ ಬೈಗುಳ ಬರಲಿಲ್ಲ. ಬಿಟ್ಟೆ ಎನ್ನಬೇಕೆನಿಸಿತು, ಅದೂ ಬರಲಿಲ್ಲ.

"ನಂದು ಬಿಡ್ತೀನಿ ಅಮ್ಮ," ಎಂದಳು ಕೊನೆಗೆ. "ಮಗಳದ್ದು ನನ್ನ ಕೈಲಿಲ್ಲ."

ಮೆಲಿಹಾ ಕೆಂಪು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಎಡಿಬೆ ಏಳುವಾಗ ಒಂದು ಚೀಲ ತುಂಬ ದಾಳಿಂಬೆ ಕೈಗಿತ್ತಳು. ಸಾವಿನ ಮನೆಯವರು ಕೊಟ್ಟದ್ದನ್ನು ಒಲ್ಲೆ ಎನ್ನುವುದುಂಟೆ? ಎಡಿಬೆ ಹೊತ್ತುಕೊಂಡು ಬಂದಳು.

ದುರಸ್ತಿ ಅಂಗಳದಲ್ಲಿ ದೋಣಿ ಊರೆಗೋಲುಗಳ ಮೇಲೆ ಎತ್ತರಕ್ಕೆ ನಿಂತಿತ್ತು. ಗಾಳಿಗೆ ಹಾಯಿಮರದ ತಂತಿಗಳು ಟಣಟಣ ಎನ್ನುತ್ತಿದ್ದವು. ಒಳಗೆ ಯಾರೂ ಇರಲಿಲ್ಲ. ವಕ್ಕಾಸ್ ಧಕ್ಕೆಯ ತುದಿಯಲ್ಲಿ ಮುಂಗೈಗೆ ಹಗ್ಗ ಸುತ್ತಿಕೊಂಡು ಕೂತಿದ್ದ. ಹಗ್ಗದ ಆ ತುದಿಯಲ್ಲಿ, ದೋಣಿಯ ಜೊತೆಗೆ ಬಂದಿದ್ದ ಪುಟ್ಟ ರಬ್ಬರ್ ದೋಣಿ ತೇಲುತ್ತಿತ್ತು. ಅದರೊಳಗೆ ಇಲ್ಗಿನ್ ಶಾಲೆಯ ಬಟ್ಟೆಯಲ್ಲೇ ಮೊಣಕಾಲು ಮಡಚಿ ಮುದುಡಿದ್ದಳು.

"ಏಣಿ ಹತ್ತಲ್ಲ ಅಂದ್ಲು," ಎಂದ ವಕ್ಕಾಸ್ ಮೆಲ್ಲಗೆ. "ಈಗ ದೋಣೀನೂ ಎತ್ತಿನ ಕೊಂಬಿನ ಮೇಲೇ ಇದೆ ಅಂತೆ. ಅದಕ್ಕೆ ಇದನ್ನ ನೀರಿಗೆ ಇಳಿಸಿದೆ. ಇಳಿಸಿದ್ದೇ ತಡ, ಮಲಗಿಬಿಟ್ಲು." ಆಮೇಲೆ ಕೇಳಿದ, "ಏನಂದ್ರು?"

ಎಡಿಬೆ ಚೀಲವನ್ನು ಕಲ್ಲಿನ ಮೇಲಿಟ್ಟು ಅವನ ಪಕ್ಕ ಕೂತಳು.

ಪಡುವಣದಲ್ಲಿ ಮೋಡ ಕಟ್ಟಿತ್ತು. ನವೆಂಬರಿನ ಮೊದಲ ಮಳೆ ಬಂದರಿನ ಬಾಯಿಂದ ನೀರನ್ನು ಮುಳ್ಳುಮುಳ್ಳಾಗಿಸುತ್ತ ಅವರತ್ತ ಬಂತು. ಹುಡುಗಿ ಏಳಲಿಲ್ಲ, ತೋಳನ್ನು ಮುಖಕ್ಕೆ ಅಡ್ಡ ಎಳೆದುಕೊಂಡಳು. ರಬ್ಬರ್ ದೋಣಿಯ ತಳದಲ್ಲಿ ಒಂದು ಬೊಗಸೆಯಷ್ಟು ಮಳೆನೀರು ಕೂಡಿ, ಅಲೆ ಬಂದಾಗಲೆಲ್ಲ ಅವಳ ಬೆನ್ನಿನವರೆಗೆ ಹರಿದು ಹೋಗುತ್ತಿತ್ತು, ತಿರುಗಿ ಬರುತ್ತಿತ್ತು.