ಸುಕೇಶನ ಎಲೆಗೆ ಸಾಲ್ಮನ್

ಮುಂಬೈಯ ಭಾಂಡುಪ್ ಪಶ್ಚಿಮದಲ್ಲಿ ಹಿಂದೆ ಬಣ್ಣದ ಕಾರ್ಖಾನೆಯಿದ್ದ ಜಾಗದಲ್ಲಿ ಈಗ ಟವರ್‌ಗಳು ನಿಂತಿವೆ. ರಸ್ತೆಗೆ ಮುಖ ಮಾಡಿದ ಟವರಿನ ನೆಲ ಅಂತಸ್ತಿನಲ್ಲಿ, ಮೆಡಿಕಲ್ ಸ್ಟೋರಿಗೂ ಹಲ್ಲಿನ ಕ್ಲಿನಿಕ್ಕಿಗೂ ನಡುವೆ, ಜಪಾನಿನವರ ಹಾಗೆ ಹಸಿ ಮೀನು ಬಡಿಸುವ ಒಂದು ಸುಶಿ ರೆಸ್ಟೋರೆಂಟ್ ಇದೆ. ಸದಾನಂದ ಸಾಲಿಯಾನ್ ದಿನವೂ ಅದರ ಮುಂದೆಯೇ ಸ್ಟೇಷನ್ನಿಗೆ ನಡೆದು ಹೋಗುತ್ತಿದ್ದರು. ಒಳಗೆ ಕಾಲಿಟ್ಟವರಲ್ಲ. ಜುಲೈ ಕೊನೆಯ ಭಾನುವಾರ ಮಧ್ಯಾಹ್ನ ಮಗಳು ಶ್ರಾವ್ಯಾಳ ಹಿಂದೆ ಒಳಗೆ ಹೋದರು. ಮಗ ಸುಕೇಶ ಇಲ್ಲಿ ತಿನ್ನುತ್ತಿದ್ದ ಮೀನನ್ನು ಪಾರ್ಸೆಲ್ ತರಬೇಕಿತ್ತು. ಸಂಜೆ ಅವನಿಗೆ ಬಡಿಸಲಿಕ್ಕಿತ್ತು.

ಸುಕೇಶ ಫೆಬ್ರವರಿಯಲ್ಲಿ ತೀರಿಕೊಂಡಿದ್ದ. ಆಫೀಸಿನಿಂದ ಬರುವಾಗ ಹೆದ್ದಾರಿಯಲ್ಲಿ ನೀರಿನ ಟ್ಯಾಂಕರೊಂದು ಅವನ ಬೈಕಿಗೆ ತಾಗಿತ್ತು. ವಯಸ್ಸು ಇಪ್ಪತ್ತೊಂಬತ್ತು. ಪೇಪರಿನಲ್ಲಿ ಒಳಪುಟದ ಮೂಲೆಯಲ್ಲಿ ಸುದ್ದಿ ಬಂದಿತ್ತು. ಹೆಸರಿನ ಅಕ್ಷರ ತಪ್ಪಿತ್ತು.

ಇದು ಅವನು ಹೋದ ಮೇಲೆ ಬಂದ ಮೊದಲ ಆಟಿ ತಿಂಗಳು. ಆಟಿಯಲ್ಲಿ ಮನೆಯ ಸತ್ತವರನ್ನು ಕರೆದು ಬಡಿಸುವುದು ತುಳುನಾಡಿನ ಕ್ರಮ. ಮುಸ್ಸಂಜೆಗೆ ಬಾಳೆಲೆ ಹಾಕಿ, ಅವರು ಬದುಕಿದ್ದಾಗ ಇಷ್ಟಪಟ್ಟು ತಿಂದದ್ದನ್ನೆಲ್ಲ ಇಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿ ಮನೆಯವರು ಹೊರಗೆ ನಿಲ್ಲುತ್ತಾರೆ. ಅವರು ಉಂಡ ಮೇಲೆ ಆ ಎಲೆಯದ್ದನ್ನು ಉಳಿದವರು ಹಂಚಿಕೊಂಡು ತಿನ್ನುತ್ತಾರೆ. ಎಲೆಗೆ ಇಡುವ ಪದಾರ್ಥವನ್ನು ಅದಕ್ಕೆ ಮುಂಚೆ ಯಾರೂ ಬಾಯಿಗೆ ಹಾಕುವಂತಿಲ್ಲ. ಅಡುಗೆ ಮಾಡುವವರೂ ಉಪ್ಪು ನೋಡುವಂತಿಲ್ಲ. ಸದಾನಂದರ ಹೆಂಡತಿ ಶೀಲಾವತಿ ಬೆಳಿಗ್ಗೆಯಿಂದ ಕೋಳಿ ಸಾರನ್ನು ರುಚಿ ನೋಡದೆಯೇ ಕುದಿಸುತ್ತಿದ್ದರು.

"ಕೋರಿ ರೊಟ್ಟಿ ಆಯ್ತು, ಬಂಗುಡೆ ಆಯ್ತು" ಎಂದು ಅವರು ಒಲೆಯ ಮುಂದಿನಿಂದಲೇ ಹೇಳಿದ್ದರು. "ಅದೆಲ್ಲ ನಾವು ಮಾಡಿ ಹಾಕಿದ್ದು. ಅವನು ತಾನಾಗಿ ಹೋಗಿ ತಿಂದದ್ದು ಆ ಮೀನು. ಅದಿಲ್ಲದೆ ನಾನು ಬಾಗಿಲು ಮುಚ್ಚುವುದಿಲ್ಲ."

ರೆಸ್ಟೋರೆಂಟಿನ ಒಳಗೆ ಎ.ಸಿ. ಜೋರಾಗಿತ್ತು. ಮೂರು ಗಂಟೆ ದಾಟಿದ್ದರೂ ಅರ್ಧಕ್ಕರ್ಧ ಟೇಬಲು ತುಂಬಿತ್ತು. ಬಡಿಸುವವರ ಮೇಲಿನ ಕ್ಯಾಪ್ಟನ್ ಶೇಖರ ಕುಂದಾಪುರದ ಕಡೆಯವನು. ಶ್ರಾವ್ಯಾಳ ಗುರುತು ಅವನಿಗಿತ್ತು. ಅಣ್ಣ ಎಲ್ಲಿ ಎಂದು ಕೇಳಲಿಲ್ಲ. ಗೊತ್ತಿತ್ತೋ, ಮರೆತನೋ, ಹೇಳಲಾಗದು.

"ಸಾಲ್ಮನ್ ನಿಗಿರಿ, ಪಾರ್ಸೆಲ್" ಎಂದಳು ಶ್ರಾವ್ಯಾ.

"ಸ್ವಲ್ಪ ಹೊತ್ತಾಗ್ತದೆ, ಕೂತ್ಕೊಳ್ಳಿ. ಗ್ರೀನ್ ಟೀ ಕೊಡ್ಲಾ?"

"ಬೇಡ, ಉಪವಾಸ" ಎಂದರು ಸದಾನಂದ. ಶೇಖರ ತಲೆಯಾಡಿಸಿ, ಆದರೂ ಬಿಸಿ ಬಟ್ಟೆಯ ಸುರುಳಿ ತಂದಿಟ್ಟು ಹೋದ.

ಸದಾನಂದರಿಗೆ ಕೂತು ಅಭ್ಯಾಸವಿರಲಿಲ್ಲ. ಹದಿನೆಂಟನೆಯ ವಯಸ್ಸಿನಿಂದ ಅವರು ನಿಂತವರು. ಮುಲುಂಡಿನ ಒಂದು ಲಂಚ್ ಹೋಮಿನಲ್ಲಿ ಮೊದಲು ಮೀನು ತೊಳೆದು, ಆಮೇಲೆ ಒಲೆಗೆ ಬಂದು, ಈಗ ಇಡೀ ಅಡುಗೆಮನೆ ನೋಡಿಕೊಳ್ಳುವವರು. ಗಿರಾಕಿಯ ಕುರ್ಚಿಯಲ್ಲಿ ಕೂತಾಗ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಬಿಸಿ ಬಟ್ಟೆಯನ್ನು ಮಡಿಸಿದರು, ಬಿಡಿಸಿದರು, ಮತ್ತೆ ಮಡಿಸಿದರು.

"ಪಪ್ಪ, ಅದು ಕೈ ಒರೆಸ್ಲಿಕ್ಕೆ."

"ಗೊತ್ತುಂಟು."

"ಅಣ್ಣ ಇದ್ರಲ್ಲಿ ಮುಖ ಕೂಡ ಒರೆಸ್ತಿದ್ದ. ನಂಗೆ ಎಷ್ಟು ನಾಚಿಕೆ! ಇತ್‌ನೀ ಶರಮ್ ಆತೀ ಥೀ."

ಸದಾನಂದ ಗಾಜಿನ ಆಚೆ ನೋಡುತ್ತಿದ್ದರು. ಅಲ್ಲಿ ಈಶಾನ್ಯದ ಕಡೆಯ ಒಬ್ಬ ಹುಡುಗಿ ಕೈ ಒದ್ದೆ ಮಾಡಿಕೊಂಡು ಅನ್ನವನ್ನು ಉಂಡೆ ಕಟ್ಟಿ, ಮೇಲೆ ಮೀನಿನ ಚೂರು ಹೊದಿಸುತ್ತಿದ್ದಳು. ಕೆಲಸ ಚೊಕ್ಕವಾಗಿತ್ತು. ಒಲೆಯ ಸದ್ದಿರಲಿಲ್ಲ, ಒಗ್ಗರಣೆಯ ವಾಸನೆಯಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸು ಡ್ರೆಸಿಂಗ್ ಮಾಡುವಂತಿತ್ತು. ಸುಕೇಶ ಒಮ್ಮೆ ಈ ಡಬ್ಬಿಯನ್ನು ಮನೆಗೆ ತಂದಾಗ "ಅವರಲ್ಲಿ ಗ್ಯಾಸ್ ಮುಗಿದಿತ್ತಾ?" ಎಂದು ಕೇಳಿದ್ದರು. ಮಗ ನಕ್ಕಿದ್ದ. ಈಗ ಆ ಮಾತು ನೆನಪಾದದ್ದಕ್ಕೆ ಏನೂ ಅನ್ನಿಸಲಿಲ್ಲ. ಫೆಬ್ರವರಿಯಿಂದ ಹಾಗೆಯೇ ಇತ್ತು. ನೆನಪುಗಳು ಬರುತ್ತಿದ್ದವು, ಹೋಗುತ್ತಿದ್ದವು, ಲೋಕಲ್ಲಿನ ಕಿಟಕಿಯಾಚೆಯ ಸ್ಟೇಷನ್ನುಗಳ ಹಾಗೆ.

"ಭೈಯಾ, ಜೈನ್ ಸುಶಿ ಹೈ ಕ್ಯಾ?" ಬಾಗಿಲ ಪಕ್ಕದ ಟೇಬಲಿನಿಂದ ಯಾರೋ ಕೇಳಿದರು.

"ಹೈ ಮ್ಯಾಡಮ್, ಬಿನಾ ಮಛಲೀ, ಬಿನಾ ಕಾಂದಾ" ಎಂದ ಶೇಖರ. ಇವರ ಟೇಬಲಿನ ಹತ್ತಿರ ಹಾದು ಹೋಗುವಾಗ ದನಿ ತಗ್ಗಿಸಿ, "ಮೀನಿಲ್ಲ, ನೀರುಳ್ಳಿ ಇಲ್ಲ ಅಂದ್ರೆ ಅನ್ನದ ಉಂಡೆ ಮಾತ್ರ ಉಳಿಯುದು ಮಾರಾಯ್ರೆ. ಅದಕ್ಕೂ ಬಿಲ್ ಮಾಡ್ತೇವೆ" ಎಂದ.

ಹಿಂದಿನ ದೊಡ್ಡ ಟೇಬಲಿನಲ್ಲಿ ಹುಟ್ಟುಹಬ್ಬದ ಪಾರ್ಟಿಯೊಂದು ನಡೆದಿತ್ತು. ನಡುವೆ ಕೂತ ಮುದುಕಿಯ ತಲೆಗೆ ಕಾಗದದ ಟೋಪಿ ಹಾಕಿದ್ದರು. ಮಕ್ಕಳು, ಸೊಸೆ, ಮೊಮ್ಮಕ್ಕಳು ಮರಾಠಿಯಲ್ಲಿ ಮಾತಾಡುತ್ತಿದ್ದರು. ಮುದುಕಿಗೆ ಸಿಟ್ಟು ಬಂದಾಗ ಕನ್ನಡವೇ ಬರುವಂತಿತ್ತು.

"ಯವ್ವಾ, ಇದೇನ ಹಸೀ ಮೀನ? ಬೆಳಗಾಂವ್ದಾಗ ನಾವ್ ಬೆಕ್ಕಿಗೂ ಒಂದ್ ಸಲ ಬಾಡಿಸಿ ಹಾಕತಿದ್ವಿ."

"ಆಯಿ, ಜರಾ ಖಾವೂನ್ ತರ್ ಬಘಾ" ಎಂದು ಸೊಸೆ ಒಂದು ತುತ್ತು ತಿಂದು ನೋಡಲು ಪುಸಲಾಯಿಸುತ್ತಿದ್ದಳು.

"ನೀ ತಿನ್ನ ವೈಶಾಲಿ. ನನಗ ಕೇಕ್ ಸಾಕು."

ಶೇಖರ ಪಾರ್ಸೆಲ್ ತಂದಿಟ್ಟ. ಕಪ್ಪು ಡಬ್ಬಿ, ಪಾರದರ್ಶಕ ಮುಚ್ಚಳ. ಶ್ರಾವ್ಯಾ ಫೋನಿನಲ್ಲಿ ದುಡ್ಡು ಕಳಿಸುತ್ತಿದ್ದಳು. ಲಂಚ್ ಹೋಮಿನಲ್ಲಿ ಯಾವ ಪಾರ್ಸೆಲ್ಲೂ ಸದಾನಂದರ ಕೈ ದಾಟದೆ ಹೊರಗೆ ಹೋಗುವುದಿಲ್ಲ. ಮುಚ್ಚಳ ತೆಗೆಯಬೇಕು, ಚೂರು ಬಾಯಿಗೆ ಹಾಕಬೇಕು, ಸರಿಯಿದ್ದರೆ ತಲೆಯಾಡಿಸಿ ಮುಂದಕ್ಕೆ ತಳ್ಳಬೇಕು. ಮಗ ಹೋದ ಮೇಲೆ ಅವರ ನಾಲಿಗೆಗೆ ಉಪ್ಪು ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. ಆದರೂ ಆ ಕೆಲಸ ಮಾತ್ರ ನಿಂತಿರಲಿಲ್ಲ. ಅದನ್ನು ಅವರ ಕೈಯೇ ಮಾಡುತ್ತಿತ್ತು.

ಈಗಲೂ ಕೈಯೇ ಮಾಡಿತು. ಮುಚ್ಚಳ ತೆಗೆಯಿತು, ಒಂದು ತುಂಡನ್ನು ಎತ್ತಿ ಬಾಯಿಗೆ ಹಾಕಿತು.

"ಉಪ್ಪು ಸ್ವಲ್ಪ ಕಡಿಮೆ" ಎಂದರು ಸದಾನಂದ.

ಶ್ರಾವ್ಯಾ ಫೋನಿನಿಂದ ತಲೆ ಎತ್ತಿದಳು. ಅವಳ ಮುಖ ನೋಡಿದ ಮೇಲೆಯೇ ತಾನು ಅಗಿಯುತ್ತಿರುವುದು ಅವರಿಗೆ ಗೊತ್ತಾದದ್ದು. ಉಗುಳುವುದೋ ನುಂಗುವುದೋ ಎಂದು ಒಂದು ಕ್ಷಣ ಹಾಗೇ ಕೂತರು. ನುಂಗಿದರು.

"ಪಪ್ಪ! ಎಂತ ಮಾಡಿದ್ರಿ?"

"ಎಂಜಲಾಯ್ತು."

"ಒಂದೇ ಪೀಸ್ ಅಲ್ವಾ? ಬಾಕೀ ತೋ ಠೀಕ್ ಹೈ. ಮಮ್ಮಿಗೆ ಹೇಳೋದ್ ಬೇಡ."

"ಅವನಿಗಿಂತ ಮೊದಲು ಈ ಡಬ್ಬಿಗೆ ನಾನು ಕೈ ಹಾಕಿದೆ. ಅವನ ಎಲೆಗೆ ಇನ್ನು ಇದು ಬರುವುದಿಲ್ಲ."

ಅವರ ದನಿಯಲ್ಲಿ ಗಾಬರಿಯಾಗಲಿ ದುಃಖವಾಗಲಿ ಇರಲಿಲ್ಲ. ಮೀನು ಹಾಳಾಗಿದೆ, ವಾಪಸು ಕಳಿಸು ಎಂದು ಅಡುಗೆಮನೆಯಲ್ಲಿ ಹೇಳುವ ದನಿಯೇ. ಶೇಖರನನ್ನು ಕರೆದು ಇನ್ನೊಂದು ಪಾರ್ಸೆಲ್ ಕೇಳಿದರು.

ಶೇಖರ ಗಾಜಿನಾಚೆ ಹೋಗಿ ವಿಚಾರಿಸಿ ಬಂದ. "ಸಾಲ್ಮನ್ ಖಾಲಿ ಅಂತೆ. ನಾರ್ವೆಯ ಮಾಲು, ನಾಳೆ ಬೆಳಿಗ್ಗೆ ಬರ್ತದೆ. ಕೊನೆಯದ್ದು ಆ ಬರ್ತ್‌ಡೇ ಟೇಬಲಿಗೆ ಹೋಯ್ತು. ಸಿಗಡಿ ಉಂಟು, ಬೇಯಿಸಿದ್ದು. ಕೊಡ್ಲಾ?"

"ಸಿಗಡಿ ಅವನಿಗೆ ಆಗುದಿಲ್ಲ. ಮೈಯೆಲ್ಲ ಕೆರೆತ ಬರ್ತದೆ."

ಭಾಂಡುಪಿನಲ್ಲಿ ಬೇರೆಲ್ಲಿ ಸಿಗುತ್ತದೆ ಎಂದು ಶ್ರಾವ್ಯಾ ಫೋನಿನಲ್ಲಿ ಹುಡುಕತೊಡಗಿದಳು. ಪವಾಯಿಯಲ್ಲಿ ಒಂದು ಕಡೆ ಇತ್ತು. ಇನ್ನೂ ತೆರೆದಿರಲಿಲ್ಲ, ರಾತ್ರಿ ಊಟಕ್ಕೇ ಶುರು. ಎಲೆ ಹಾಕುವುದು ಮುಸ್ಸಂಜೆಗೆ. ಮನೆಯಲ್ಲಿ ಶೀಲಾವತಿ ಕಾಯುತ್ತಿರುತ್ತಾರೆ, ಮೀನು ಬರದೆ ಬಾಗಿಲು ಮುಚ್ಚುವುದಿಲ್ಲ.

ಹಿಂದಿನ ಟೇಬಲಿನಲ್ಲಿ ಮುದುಕಿಯ ಮುಂದಿನ ತಟ್ಟೆ ಹಾಗೇ ಇತ್ತು. ಕಿತ್ತಳೆ ಬಣ್ಣದ ಚೂರು ಹೊದ್ದ ಅನ್ನದ ಉಂಡೆಗಳು. ಆಕೆ ಅದನ್ನು ಅತ್ತ ಸರಿಸಿ ಟೋಪಿಯ ರಬ್ಬರ್ ದಾರವನ್ನು ಗದ್ದದಡಿಯಿಂದ ಎಳೆಯುತ್ತಿದ್ದಳು.

ಸದಾನಂದ ಎದ್ದರು.

"ಪಪ್ಪ, ಬೇಡ. ಪ್ಲೀಸ್. ಲೋಗ್ ಕ್ಯಾ ಸೋಚೇಂಗೇ?"

ಲೋಗ್ ಏನು ಯೋಚಿಸುತ್ತಾರೆಂದು ಸದಾನಂದರಿಗೆ ಚೆನ್ನಾಗಿ ಗೊತ್ತಿತ್ತು. ಉಣ್ಣುವವರ ಟೇಬಲಿನ ಹತ್ತಿರ ಕೈಯೊಡ್ಡಿ ನಿಂತವರನ್ನು ತೋಳು ಹಿಡಿದು ಹೊರಗೆ ಬಿಟ್ಟು ಬಂದದ್ದು ಅವರ ನೌಕರಿಯ ಭಾಗವೇ ಆಗಿತ್ತು. ಗಿರಾಕಿ ತಟ್ಟೆಯಿಂದ ತಲೆ ಎತ್ತುವಂತಾಗಬಾರದು ಎಂದು ಹೊಸಬರಿಗೆ ಕಲಿಸಿದ್ದೂ ಅವರೇ. ಮುಖ ಬಿಸಿಯಾಗಬಹುದು ಅಂದುಕೊಂಡರು. ಆಗಲಿಲ್ಲ. ನಡೆದು ಹೋಗಿ ಮುದುಕಿಯ ಕುರ್ಚಿಯ ಪಕ್ಕ ನಿಂತರು.

"ಅಮ್ಮಾ, ಇದನ್ನು ನೀವು ಮುಟ್ಟಿದ್ದೀರಾ?"

ಮುದುಕಿ ಕತ್ತೆತ್ತಿ ನೋಡಿದಳು. "ನೀವ್ ಯಾರ್ರೀ? ಹೋಟ್ಲವ್ರೇನ?"

"ಅಲ್ಲ. ಗಿರಾಕಿ. ಆಚೆ ಟೇಬಲಿನವನು."

"ಮತ್ತ, ಮುಟ್ಟಿಲ್ಲಂದ್ರ ನೀವೂ ಬೈತೀರೇನ?"

"ಮುಟ್ಟದಿದ್ದರೆ ನನಗೆ ಕೊಡ್ತೀರಾ? ಎಷ್ಟಾಯಿತೋ ಅಷ್ಟು ಕೊಡ್ತೇನೆ. ಮಗನಿಗೆ ಇದೇ ಬೇಕು. ಒಳಗೆ ಮುಗಿದಿದೆ ಅಂತಾರೆ."

ವೈಶಾಲಿ ಗಂಡನ ಮುಖ ನೋಡಿದಳು. ಅವನು ಶೇಖರನ ಕಡೆ ನೋಡಿದ. ಶೇಖರ ಗೋಡೆ ನೋಡಿದ.

"ವಾಸನಿ ಸೈತ ನೋಡಿಲ್ಲರೀ, ದೇವರಾಣಿ!" ಮುದುಕಿಗೆ ಖುಷಿಯೇ ಆಗಿಹೋಯಿತು. "ತಗೊಂಡ ಹೋಗ್ರಿ. ರೊಕ್ಕಾಗಿಕ್ಕಾ ಏನೂ ಬ್ಯಾಡ. ವೈಶಾಲಿ, ಹ್ಯಾನ್ನಾ ದೇವೂನ್ ಟಾಕ್. ನಾ ನೀಲಾಬಾಯಿ. ಇವತ್ತಿಗೆ ಎಪ್ಪತ್ತೈದು ಮುಗೀತು, ಅದಕ್ಕ ನೋಡ್ರಿ ಈ ಶಿಕ್ಷಾ. ಮಗಾ ಎಲ್ಲಿದಾನ ನಿಮ್ಮಾಂವ?"

"ಸಂಜೆ ಬರ್ತಾನೆ."

"ಡ್ಯೂಟಿ ಮುಗಿಸಿ?"

"ಹೌದು."

"ದಣದ ಬರ್ತಾನ. ಇದರಿಂದ ಹೊಟ್ಟಿ ತುಂಬೂದಿಲ್ರೀ. ಒಂದೀಟು ಬಿಸಿ ಅನ್ನಾ ಮಾಡಿ ಹಾಕ್ರಿ."

"ಮಾಡಿದ್ದೇವೆ. ಕೋರಿ ರೊಟ್ಟಿಯೂ ಉಂಟು."

"ಲಗ್ನ ಆಗೇತೇನ?"

"ಇಲ್ಲ."

"ಲಗೂನ ಮಾಡ್ರಿ. ಹೆಂಡತಿ ಬಂದ್ಲಂದ್ರ ಹಿಂಗ ಹಸೀದು ತಿನ್ನೂದ ತಾನಾ ಬಿಡ್ತಾನ."

ಟೇಬಲಿನವರು ನಕ್ಕರು. ಸದಾನಂದರೂ ನಕ್ಕರು, ಗಿರಾಕಿಗಳು ಚೇಷ್ಟೆ ಮಾಡಿದಾಗ ನಗುವ ಹಾಗೆ. ಶೇಖರ ಖಾಲಿ ಡಬ್ಬಿ ತಂದು, ಕೈಗೆ ಹೊಸ ಗ್ಲೌಸ್ ಹಾಕಿಕೊಂಡು, ತುಂಡುಗಳನ್ನು ಒಂದೊಂದಾಗಿ ಅದರಲ್ಲಿಟ್ಟ. ಮುಚ್ಚಳ ಹಾಕಿದ ಮೇಲೆ ಅದನ್ನು ಸದಾನಂದರ ಕೈಗೆ ಕೊಡದೆ ಶ್ರಾವ್ಯಾಳ ಕೈಗೆ ಕೊಟ್ಟ.

ಹೊರಡುವಾಗ ನೀಲಾಬಾಯಿ ಮತ್ತೆ ಕೂಗಿದಳು. "ತಡೀರಿ, ತಡೀರಿ. ಹುಡುಗಗ ಇಷ್ಟು ಕೇಕೂ ಒಯ್ರಿ. ನನ್ನ ಆಶೀರ್ವಾದ ಅದ ಅಂತ ಹೇಳ್ರಿ. ನೂರ ವರ್ಷ ಬಾಳಂತ ಹೇಳ್ರಿ."

"ಹೇಳ್ತೇನೆ" ಎಂದರು ಸದಾನಂದ.

ಹೊರಗೆ ಮಳೆ ಹನಿಯುತ್ತಿತ್ತು. ಎಂಜಲಾದ ಡಬ್ಬಿ ಒಂದು ಚೀಲದಲ್ಲಿ, ಎಲೆಯದ್ದು ಇನ್ನೊಂದರಲ್ಲಿ. ಶ್ರಾವ್ಯಾ ರಸ್ತೆಯುದ್ದಕ್ಕೂ ಅಳುತ್ತ ನಡೆದಳು. ಸದಾನಂದ ಅವಳ ತಲೆಯ ಮೇಲೆ ಕೊಡೆ ಹಿಡಿದಿದ್ದರು. ಏನಾದರೂ ಹೇಳಬೇಕು ಎಂದು ಗೊತ್ತಿತ್ತು. "ನೋಡಿ ನಡಿ, ಗಟಾರ ಉಂಟು" ಎಂದರು.

ಶೀಲಾವತಿ ಎಲೆ ಹಾಕಿ ಆಗಿತ್ತು. ಅನ್ನ, ರೊಟ್ಟಿ, ಕೋಳಿ ಸಾರು, ಹುರಿದ ಬಂಗುಡೆ, ಲೋಟದಲ್ಲಿ ನೀರು. ನಡುವೆ ಖಾಲಿ ಬಿಟ್ಟ ಜಾಗಕ್ಕೆ ಸಾಲ್ಮನ್ ತುಂಡುಗಳನ್ನು ಇಟ್ಟರು. ಆಮೇಲೆ ಕಾಗದದಲ್ಲಿ ಸುತ್ತಿದ ಕೇಕ್ ಕಣ್ಣಿಗೆ ಬಿತ್ತು.

"ಇದು ಯಾರದ್ದು?"

"ಒಬ್ಬರು ಅಜ್ಜಿಯದ್ದು. ಅವನಿಗೆ ಅಂತ ಕೊಟ್ಟರು."

"ಅವನ ಗುರ್ತದವರಾ?"

"ಅಲ್ಲ."

ಶೀಲಾವತಿ ಕೇಕಿನ ಕಾಗದ ಬಿಡಿಸಿದರು. ಮತ್ತೆ ಬಂಗುಡೆಯನ್ನು ಒತ್ತರಿಸಿ ಎಲೆಯ ಅಂಚಿನಲ್ಲಿ ಅದಕ್ಕೊಂದು ಜಾಗ ಮಾಡಿದರು.

ದೀಪ ಹಚ್ಚಿ ಬಾಗಿಲು ಎಳೆದುಕೊಂಡು ಮೂವರೂ ಸಾಲುಮನೆಗಳ ಚಾಳಿನ ಹೊರ ಪಡಸಾಲೆಯಲ್ಲಿ ನಿಂತರು. ಪಕ್ಕದ ಮನೆಯ ಟಿ.ವಿ.ಯಲ್ಲಿ ಕ್ರಿಕೆಟ್ ನಡೆದಿತ್ತು. ಒಗೆದ ಬಟ್ಟೆಗಳು ಒಣಗದೆ ತಂತಿಯ ಮೇಲೆ ತೂಗುತ್ತಿದ್ದವು. ಎಷ್ಟು ಹೊತ್ತು ನಿಲ್ಲಬೇಕು ಎಂದು ಶ್ರಾವ್ಯಾ ಕೇಳಿದಳು. ಒಬ್ಬ ಮನುಷ್ಯ ಉಂಡು ಮುಗಿಸುವಷ್ಟು ಎಂದರು ಶೀಲಾವತಿ. ಅವನು ನಿಧಾನಕ್ಕೆ ತಿನ್ನುವವನು ಎಂದೂ ಹೇಳಿದರು.

ಕೊನೆಗೆ ಉಣ್ಣುವವನಿಗೆ ತಿಳಿಯಲೆಂದು ಬಾಗಿಲು ತಟ್ಟಿ ಒಳಗೆ ಹೋದರು. ಎಲೆ ಇಟ್ಟ ಹಾಗೇ ಇತ್ತು. ಶೀಲಾವತಿ ಎಲ್ಲವನ್ನೂ ಮೂರು ಪಾಲು ಮಾಡಿದರು. ಮೊದಲ ಸಾಲ್ಮನ್ ತುಂಡನ್ನು ಗಂಡನ ಕೈಗಿಟ್ಟು, ಅವರು ಅಗಿದು ಮುಗಿಸುವವರೆಗೆ ಮುಖವನ್ನೇ ನೋಡುತ್ತ ಕೂತರು.

"ಹೇಗುಂಟು?"

ಸದಾನಂದ ನಾಲಿಗೆಯ ಮೇಲೆ ಏನಾದರೂ ಉಳಿದಿದೆಯೇ ಎಂದು ಕಾದರು.

"ಮೆತ್ತಗುಂಟು" ಎಂದರು.

"ಅವನಿಗೆ ಹಾಗಿದ್ರೇ ಇಷ್ಟ" ಎಂದು ಶೀಲಾವತಿ ತಾನೂ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಅಗಿಯದೆ ನುಂಗಿದರು.